ವಿಳಾಸ ಅವರದು, ಬೀಗದ ಕೈ ಯಾರದು?

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯಲು ಬರುವ ನಮ್ಮಂಥ ನಿವೃತ್ತರ ಮಾತು ಹಿಂದೆಲ್ಲ ಪಿಂಚಣಿ, ತುಟ್ಟಿಭತ್ಯೆ, ಮಂಡಿನೋವುಗಳ ಆಚೆಗೆ ಹೋಗುತ್ತಿರಲಿಲ್ಲ. ಈಚಿನ ವರ್ಷಗಳಲ್ಲಿ ಅದಕ್ಕೆ ಬಿಟ್‌ಕಾಯಿನ್ ಕೂಡ ಸೇರಿಕೊಂಡಿದೆ. ಕೆಲವು ತಿಂಗಳ ಹಿಂದೆ ಈ ಬಳಗದ ಹಿರಿಯರೊಬ್ಬರು, ಮೂರು ದಶಕ ಕಾಲೇಜಿನಲ್ಲಿ ಚರಿತ್ರೆ ಬೋಧಿಸಿ ನಿವೃತ್ತರಾದವರು, ನನ್ನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿಕೊಂಡು ತಮ್ಮ ಮೊಬೈಲನ್ನು ಮುಂದೆ ಹಿಡಿದರು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳೂ ಅಂಕಿಗಳೂ ಬೆರೆತ ಒಂದು ಉದ್ದನೆಯ ಸಾಲು. ಅದರ ಕೆಳಗೆ ನಲವತ್ತಕ್ಕೂ ಹೆಚ್ಚು ಬಿಟ್‌ಕಾಯಿನ್ ಶಿಲ್ಕು ಇದೆಯೆಂಬ ವಿವರ. ‘ಇದರಲ್ಲಿ ನನ್ನದೂ ಒಂದು ಪಾಲಿದೆ ಸಾರ್, ನೀವೇ ನೋಡಿ’ ಎಂದರು.

ನಿವೃತ್ತಿಯ ಸಮಯದಲ್ಲಿ ಬಂದ ಹಣದಲ್ಲಿ ಒಂಬತ್ತು ಲಕ್ಷ ರೂಪಾಯಿಗಳನ್ನು ಅವರು ಮೊಬೈಲಿನ ಹೂಡಿಕೆ ಗುಂಪೊಂದರ ಮೂಲಕ ತೊಡಗಿಸಿದ್ದರು. ಅವರು ಅವಿವೇಕಿಗಳಲ್ಲ. ಗುಂಪಿನವರು ಹೇಳಿದ್ದನ್ನು ಕಣ್ಣು ಮುಚ್ಚಿ ನಂಬದೆ, ಆ ವಿಳಾಸವನ್ನು ಬೇರೆ ಎರಡು ಜಾಲತಾಣಗಳಲ್ಲಿ ತಾವೇ ಹಾಕಿ ಪರೀಕ್ಷಿಸಿದ್ದರು. ಎರಡೂ ಕಡೆ ಅದೇ ಶಿಲ್ಕು ಕಂಡಿತು. ಕಂಡ ಮೇಲೆ ನಂಬಿದರು. ಈಗ ಅವರ ಪಾಲನ್ನು ಬಿಡಿಸಿಕೊಳ್ಳಬೇಕಾದರೆ ಶೇಕಡ 30ರ ತೆರಿಗೆಯನ್ನು ಮುಂಗಡವಾಗಿ ಕಟ್ಟಬೇಕೆಂದು ಗುಂಪಿನವರು ಕೇಳುತ್ತಿದ್ದರು. ಆ ಹಣವನ್ನು ಎಲ್ಲಿಂದ ಹೊಂದಿಸುವುದು ಎಂಬುದಷ್ಟೇ ಅವರ ಚಿಂತೆಯಾಗಿತ್ತು.

ತೆರಿಗೆಯ ಮಾತು ಸುಳ್ಳೆಂದು ತಕ್ಷಣ ಹೇಳಬಹುದಾಗಿತ್ತು, ಹೇಳಿದೆ. ಕ್ರಿಪ್ಟೊ ಲಾಭದ ಮೇಲೆ ಶೇಕಡ 30ರ ತೆರಿಗೆ 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವುದು ನಿಜ. ಆದರೆ ಅದನ್ನು ಕಟ್ಟುವುದು ಆದಾಯ ತೆರಿಗೆ ಇಲಾಖೆಗೇ ಹೊರತು ಹಣ ಹಿಡಿದುಕೊಂಡು ಕುಳಿತವನಿಗಲ್ಲ. ಕಷ್ಟವಿದ್ದುದು ಇನ್ನೊಂದು ಪ್ರಶ್ನೆಯಲ್ಲಿ. ‘ವಿಳಾಸ ನಿಜ, ಶಿಲ್ಕು ನಿಜ, ಎರಡನ್ನೂ ನಾನೇ ನೋಡಿದ್ದೇನೆ. ಮತ್ತೆ ಮೋಸ ಎಲ್ಲಿದೆ?’ ಎಂದು ಅವರು ಕೇಳಿದಾಗ ನನ್ನಲ್ಲಿ ಚೊಕ್ಕವಾದ ಉತ್ತರವಿರಲಿಲ್ಲ. ಅರ್ಥಶಾಸ್ತ್ರದ ಎಂ.ಎ. ಪದವಿಗೆ ಹಣದ ಸಿದ್ಧಾಂತಗಳನ್ನು ಓದಿದ್ದೆನಾದರೂ ಈ ಹಣದ ಬೀಗದ ಬಗ್ಗೆ ಅಲ್ಲಿ ಯಾರೂ ಹೇಳಿರಲಿಲ್ಲ. ನಂತರದ ಕೆಲವು ವಾರ ಕುಳಿತು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲಿಗೆ ‘ವಾಲೆಟ್’ ಎಂಬ ಮಾತೇ ದಾರಿ ತಪ್ಪಿಸುತ್ತದೆ. ಅದರೊಳಗೆ ನಾಣ್ಯವಿರುವುದಿಲ್ಲ. ಯಾವ ವಿಳಾಸಕ್ಕೆ ಎಷ್ಟು ಸಲ್ಲುತ್ತದೆ ಎಂಬ ಲೆಕ್ಕವೆಲ್ಲ ಜಗತ್ತಿನಾದ್ಯಂತ ಸಾವಿರಾರು ಗಣಕಯಂತ್ರಗಳಲ್ಲಿ ಪ್ರತಿಗಳಿರುವ ಒಂದೇ ಖಾತೆ ಪುಸ್ತಕದಲ್ಲಿದೆ. 2009ರ ಜನವರಿ 3ರಂದು ಆರಂಭವಾದ ಆ ಪುಸ್ತಕವನ್ನು ಯಾರು ಬೇಕಾದರೂ ತೆರೆದು ಓದಬಹುದು. ವಾಲೆಟ್ಟಿನಲ್ಲಿರುವುದು ಕೀಲಿಗಳು ಮಾತ್ರ. ಅದನ್ನು ಹಣದ ಚೀಲವೆನ್ನುವ ಬದಲು ನಮ್ಮ ಅಜ್ಜಿಯರು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದ ಬೀಗದ ಕೈ ಗೊಂಚಲು ಎಂದಿದ್ದರೆ ಅರ್ಧ ಗೊಂದಲ ತಪ್ಪುತ್ತಿತ್ತು.

ಎಲ್ಲಕ್ಕೂ ಮೂಲ ಖಾಸಗಿ ಕೀಲಿ. ಅದು ಕೇವಲ ಒಂದು ಸಂಖ್ಯೆ, ಆದರೆ ಬಹಳ ದೊಡ್ಡದು. 1ರ ಮುಂದೆ 77 ಸೊನ್ನೆಗಳನ್ನು ಬರೆದರೆ ಆಗುವ ಸಂಖ್ಯೆಗಿಂತಲೂ ತುಸು ಹೆಚ್ಚಿನವರೆಗೆ ಇರುವ ಸಂಖ್ಯೆಗಳಲ್ಲಿ ಯಾವುದಾದರೊಂದನ್ನು ಯಾದೃಚ್ಛಿಕವಾಗಿ ಆರಿಸಿಕೊಂಡರೆ ಅದೇ ನಿಮ್ಮ ಖಾಸಗಿ ಕೀಲಿ. ಇದಕ್ಕೆ ಯಾವ ಕಚೇರಿಯಲ್ಲಿಯೂ ಅರ್ಜಿ ಹಾಕಬೇಕಿಲ್ಲ, ಯಾವ ಅಧಿಕಾರಿಯ ರುಜುವೂ ಬೇಡ. ಅಂತರಜಾಲದ ಸಂಪರ್ಕವೂ ಇಲ್ಲದೆ, ಕೋಣೆಯಲ್ಲಿ ಒಬ್ಬರೇ ಕುಳಿತು ನಾಣ್ಯ ಚಿಮ್ಮಿ ತಲೆಯೋ ಬಾಲವೋ ಎಂದು 256 ಬಾರಿ ಬರೆದುಕೊಂಡರೂ ಕೀಲಿ ಸಿದ್ಧವಾಗುತ್ತದೆ. ಇಬ್ಬರಿಗೆ ಒಂದೇ ಸಂಖ್ಯೆ ಬಂದೀತೆ ಎಂಬ ಆತಂಕ ಸಹಜ. ಸಂಖ್ಯೆಗಳ ಆ ರಾಶಿ ಎಷ್ಟು ದೊಡ್ಡದೆಂದರೆ, ಸರಿಯಾಗಿ ಯಾದೃಚ್ಛಿಕವಾಗಿ ಆರಿಸಿದ್ದರೆ ಹಾಗಾಗುವುದು ವ್ಯವಹಾರದಲ್ಲಿ ಅಸಾಧ್ಯ.

ಈ ಸಂಖ್ಯೆಯಿಂದ ಸಾರ್ವಜನಿಕ ಕೀಲಿ ಹುಟ್ಟುತ್ತದೆ. ಇದರ ಹಿಂದೆ ಒಂದು ವಕ್ರರೇಖೆಯ ಗಣಿತವಿದೆ. ವೈ ವರ್ಗವು ಎಕ್ಸ್ ಘನಕ್ಕೆ 7 ಸೇರಿಸಿದ್ದಕ್ಕೆ ಸಮ ಎಂಬ ಸಮೀಕರಣ ಅದರದು. ಆ ರೇಖೆಯ ಮೇಲೆ ಎಲ್ಲರಿಗೂ ತಿಳಿದಿರುವ ಒಂದು ನಿಶ್ಚಿತ ಬಿಂದುವಿದೆ. ಅಲ್ಲಿಂದ ಹೊರಟು, ನಿಮ್ಮ ಖಾಸಗಿ ಕೀಲಿ ಎಷ್ಟೋ ಅಷ್ಟು ಸಲ ಗೊತ್ತಾದ ರೀತಿಯಲ್ಲಿ ಜಿಗಿದು ಯಾವ ಬಿಂದುವಿಗೆ ಬಂದು ನಿಲ್ಲುತ್ತೀರೋ ಅದೇ ಸಾರ್ವಜನಿಕ ಕೀಲಿ. ಜಿಗಿತದ ಸಂಖ್ಯೆ ಗೊತ್ತಿದ್ದವನಿಗೆ ಇಮ್ಮಡಿಸುತ್ತ ಹೋಗುವ ಉಪಾಯದಿಂದ ಕೆಲವು ನೂರು ಹೆಜ್ಜೆಗಳಲ್ಲಿ ಕೆಲಸ ಮುಗಿಯುತ್ತದೆ. ಗೊತ್ತಿಲ್ಲದವನಿಗೆ, ತಲುಪಿದ ಬಿಂದುವನ್ನು ನೋಡಿ ಎಷ್ಟು ಜಿಗಿತಗಳಾದುವು ಎಂದು ಹೇಳುವ ಮಾರ್ಗ ಇಂದಿನ ಗಣಕಯಂತ್ರಗಳಲ್ಲಿ ಇಲ್ಲ. ಮುಂದೆ ಕ್ವಾಂಟಮ್ ಯಂತ್ರಗಳಿಗೆ ಅದು ಸಾಧ್ಯವಾದೀತೆಂಬ ಚರ್ಚೆ ನಡೆದಿದೆ. ಅದು ಬೇರೆಯೇ ಲೇಖನದ ವಿಷಯ.

ಮೂರನೆಯದು ವಿಳಾಸ. ಸಾರ್ವಜನಿಕ ಕೀಲಿಯನ್ನು ಎಸ್‌ಎಚ್‌ಎ-256 ಮತ್ತು ರೈಪ್‌ಎಂಡಿ-160 ಎಂಬ ಎರಡು ಗಣಿತದ ಯಂತ್ರಗಳಲ್ಲಿ ಒಂದಾದ ಮೇಲೊಂದರಂತೆ ಹಾಕಿ ಅರೆದರೆ 160 ಬಿಟ್‌ಗಳ ಚಿಕ್ಕದೊಂದು ಸಾರ ಉಳಿಯುತ್ತದೆ. ಸಾರಿನ ಪುಡಿಯ ಹಾಗೆ: ಅದೇ ಧನಿಯ, ಅದೇ ಮೆಣಸಿನಕಾಯಿಗಳನ್ನು ಅದೇ ಅಳತೆಯಲ್ಲಿ ಹಾಕಿದರೆ ಪ್ರತಿಸಲವೂ ಅದೇ ಪುಡಿ ಬರುತ್ತದೆ, ಪುಡಿಯಿಂದ ಮಾತ್ರ ಕಾಳು ಮರಳಿ ಬರುವುದಿಲ್ಲ. ಆ ಸಾರಕ್ಕೆ ಬರಹದ ತಪ್ಪನ್ನು ಪತ್ತೆ ಹಚ್ಚುವ ಒಂದು ಬಾಲ ಸೇರಿಸಿ, ಓದಲು ಬರುವಂತೆ ಅಕ್ಷರಗಳಲ್ಲಿ ಬರೆದರೆ ಅದೇ ವಿಳಾಸ. ಬಿಟ್‌ಕಾಯಿನ್ನಿನ ಹಳೆಯ ವಿಳಾಸಗಳು 1ರಿಂದ ಆರಂಭವಾಗುತ್ತವೆ. ಅವುಗಳಲ್ಲಿ ಸೊನ್ನೆ, ದೊಡ್ಡ ‘ಓ’, ದೊಡ್ಡ ‘ಐ’, ಚಿಕ್ಕ ‘ಎಲ್’ ಅಕ್ಷರಗಳೇ ಇಲ್ಲ. ಒಂದನ್ನು ಇನ್ನೊಂದೆಂದು ಓದುವ ಅಪಾಯವಿದೆಯೆಂದು ಕೈಬಿಟ್ಟಿದ್ದಾರೆ. ಅಂಥ ವಿಳಾಸವನ್ನು ನಕಲು ಮಾಡುವಾಗ ಅಕ್ಷರ ತಪ್ಪಿದರೂ ಅದು ಸರಿಯೆಂದು ಪಾಸಾಗುವ ಸಂಭವ ಸುಮಾರು 430 ಕೋಟಿಗೆ ಒಂದು. ಕಂದಾಯ ಇಲಾಖೆಯ ಸರ್ವೆ ನಂಬರುಗಳಿಗೆ ಇಂಥ ಬಾಲವಿದ್ದಿದ್ದರೆ ಎಷ್ಟು ದಾವೆಗಳು ತಪ್ಪುತ್ತಿದ್ದುವೋ ಎನ್ನಿಸಿತು. ಈಥರ್ ಮುಂತಾದ ಇತರ ನಾಣ್ಯಗಳಲ್ಲಿ ಅರೆಯುವ ಯಂತ್ರ ಬೇರೆ, ತತ್ತ್ವ ಇದೇ.

ಹೀಗೆ ಖಾಸಗಿ ಕೀಲಿಯಿಂದ ಸಾರ್ವಜನಿಕ ಕೀಲಿ, ಅದರಿಂದ ವಿಳಾಸ. ದಾರಿ ಒಂದೇ ದಿಕ್ಕಿನದು, ಹಿಂದಕ್ಕೆ ಬರುವಂತಿಲ್ಲ. ಹಣ ಸ್ವೀಕರಿಸಲು ವಿಳಾಸ ಸಾಕು, ಅದನ್ನು ಊರಿಗೆಲ್ಲ ಕೊಡಬಹುದು. ಖರ್ಚು ಮಾಡುವಾಗ ಮಾತ್ರ ಒಡೆಯನು ಖಾಸಗಿ ಕೀಲಿಯಿಂದ ಸಹಿ ಹಾಕಿ, ಸಾಮಾನ್ಯವಾಗಿ ಆಗಲೇ ತನ್ನ ಸಾರ್ವಜನಿಕ ಕೀಲಿಯನ್ನೂ ಹೊರಗಿಡುತ್ತಾನೆ. ಜಾಲದ ಗಣಕಯಂತ್ರಗಳು ಎರಡನ್ನು ನೋಡುತ್ತವೆ: ಈ ಸಾರ್ವಜನಿಕ ಕೀಲಿಯನ್ನು ಅರೆದರೆ ಅದೇ ವಿಳಾಸ ಬರುತ್ತದೆಯೇ, ಸಹಿ ಈ ಕೀಲಿಗೆ ಹೊಂದುತ್ತದೆಯೇ. ಎರಡೂ ಹೊಂದಿದರೆ ಹಣ ಹೊರಡುತ್ತದೆ. ಸಹಿ ಹಾಕಿದವನು ಯಾರು, ಅವನ ಊರು ಯಾವುದು ಎಂಬುದನ್ನು ಯಾರೂ ಕೇಳುವುದಿಲ್ಲ. ನಮ್ಮ ಪಹಣಿಯಲ್ಲಾದರೂ ಒಂದು ಹೆಸರಿರುತ್ತದೆ. ಹೆಸರಿದ್ದ ಮಾತ್ರಕ್ಕೆ ಒಡೆತನ ಸಿದ್ಧವಾಗುವುದಿಲ್ಲವೆಂದು ತಹಶೀಲ್ದಾರರ ಕಚೇರಿಯಲ್ಲಿ ಎಷ್ಟೋ ಜನರಿಗೆ ಹೇಳಿದ್ದೇನೆ. ಇಲ್ಲಿ ಹೆಸರೇ ಇಲ್ಲ. ಕೀಲಿ ಇದ್ದವನೇ ಒಡೆಯ, ಕದ್ದವನಾದರೂ ಸರಿ.

ನನ್ನ ಮಿತ್ರರ ಪ್ರಶ್ನೆಗೆ ಉತ್ತರ ಇಲ್ಲಿಯೇ ಇತ್ತು. ಅವರಿಗೆ ತೋರಿಸಿದ ವಿಳಾಸ ಯಾರದೋ. ದೊಡ್ಡ ಶಿಲ್ಕಿರುವ ವಿಳಾಸಗಳ ಪಟ್ಟಿ ಯಾರಿಗಾದರೂ ಸಿಗುತ್ತದೆ. ಅದರಿಂದ ಒಂದನ್ನು ಎತ್ತಿಕೊಂಡು ‘ಇದು ನಮ್ಮದು’ ಎನ್ನುವುದಕ್ಕೂ, ಅರಮನೆಯ ಮುಂದೆ ನಿಂತು ತೆಗೆಸಿಕೊಂಡ ಭಾವಚಿತ್ರ ತೋರಿಸಿ ಮನೆ ನಮ್ಮದು ಎನ್ನುವುದಕ್ಕೂ ವ್ಯತ್ಯಾಸವಿಲ್ಲ.

ನಿವೃತ್ತ ಮೇಷ್ಟರೊಬ್ಬರು ಇದರಲ್ಲಿ ಎಡವಿದರೆ ನಗುವವರು ನಮ್ಮ ರಾಜ್ಯದ ಬಿಟ್‌ಕಾಯಿನ್ ಪ್ರಕರಣವನ್ನು ನೆನಪಿಸಿಕೊಳ್ಳಬೇಕು. ಶ್ರೀಕೃಷ್ಣ ಅಲಿಯಾಸ್ ಶ್ರೀಕಿ ಎಂಬ ಆರೋಪಿಯನ್ನು ಬೆಂಗಳೂರು ಪೊಲೀಸರು ಬಂಧಿಸಿದ್ದು 2020ರ ನವೆಂಬರ್‌ನಲ್ಲಿ. ರಾಜ್ಯ ಸರ್ಕಾರದ ಇ-ಸಂಗ್ರಹಣಾ ವ್ಯವಸ್ಥೆಗೆ 2019ರಲ್ಲಿ ನುಗ್ಗಿ ಹನ್ನೊಂದೂವರೆ ಕೋಟಿ ರೂಪಾಯಿಗಳನ್ನು ಲಪಟಾಯಿಸಿದ ಆರೋಪವೂ ಅವನ ಮೇಲಿತ್ತು. 2021ರ ಜನವರಿಯಲ್ಲಿ ಪೊಲೀಸರು ಅವನಿಂದ ಸುಮಾರು 9 ಕೋಟಿ ರೂಪಾಯಿ ಬೆಲೆಯ 31 ಬಿಟ್‌ಕಾಯಿನ್‌ಗಳನ್ನು ವಶಪಡಿಸಿಕೊಂಡಿರುವುದಾಗಿ ಪ್ರಕಟಿಸಿದರು. ಅದೇ ವರ್ಷದ ನವೆಂಬರ್‌ನಲ್ಲಿ, ರಾಜಕೀಯ ಗದ್ದಲ ಎದ್ದ ಮೇಲೆ, ಪೊಲೀಸರೇ ನೀಡಿದ ವಿವರಣೆ ಬೇರೆಯಾಗಿತ್ತು. ಆರೋಪಿ ತನ್ನದೆಂದು ತೋರಿಸಿದ್ದ ವಾಲೆಟ್ಟನ್ನು ತಜ್ಞರ ಸಮ್ಮುಖದಲ್ಲಿ ಮತ್ತೆ ತೆರೆದು ನೋಡಿದಾಗ ಅದರಲ್ಲಿ 186.811 ಬಿಟ್‌ಕಾಯಿನ್‌ಗಳು ಕಂಡವು. ಅದು ಒಂದು ವಿನಿಮಯ ಸಂಸ್ಥೆಯ ಚಾಲ್ತಿ ವಾಲೆಟ್ ಆಗಿತ್ತು. ಅದರ ಖಾಸಗಿ ಕೀಲಿ ಆರೋಪಿಯ ಬಳಿ ಇರಲೇ ಇಲ್ಲ. ಅರ್ಥಾತ್, ವಶಪಡಿಸಿಕೊಂಡದ್ದು ಯಾರದೋ ವಾಲೆಟ್ಟಿನ ನೋಟವನ್ನು ಮಾತ್ರ.

ಆ ಪ್ರಕರಣದ ರಾಜಕೀಯಕ್ಕೆ ನಾನು ಹೋಗುವುದಿಲ್ಲ. 2023ರಲ್ಲಿ ಸರ್ಕಾರ ವಿಶೇಷ ತನಿಖಾ ತಂಡವನ್ನು ರಚಿಸಿತು. ತಪ್ಪು ಯಾರದೆಂದು ನ್ಯಾಯಾಲಯವೇ ಹೇಳಬೇಕು. ನನ್ನ ಆಸಕ್ತಿ ಪಂಚನಾಮೆಯಲ್ಲಿ. ಚಿನ್ನವನ್ನು ಜಪ್ತಿ ಮಾಡುವಾಗ ತೂಗಿ, ಅರಗು ಹಾಕಿ, ಪಂಚರ ಸಹಿ ಪಡೆದು ನಮ್ಮ ಸ್ವಾಧೀನಕ್ಕೆ ತೆಗೆದುಕೊಳ್ಳುತ್ತೇವೆ. ಕಿಟಕಿಯಿಂದ ನೋಡಿ ಬರೆದುಕೊಳ್ಳುವುದಿಲ್ಲ. ಬಿಟ್‌ಕಾಯಿನ್ನನ್ನು ಸ್ವಾಧೀನಕ್ಕೆ ತೆಗೆದುಕೊಳ್ಳುವುದೆಂದರೆ, ಪೊಲೀಸರು ತಾವೇ ಹುಟ್ಟಿಸಿದ ಕೀಲಿಯ ವಿಳಾಸಕ್ಕೆ ಅದನ್ನು ಪಂಚರ ಮುಂದೆಯೇ ವರ್ಗಾಯಿಸಿಕೊಳ್ಳುವುದು. ಆರೋಪಿ ಹೇಳಿದ ಪಾಸ್‌ವರ್ಡ್ ಬರೆದಿಟ್ಟುಕೊಂಡರೆ ಸಾಲದು. ಅದೇ ಕೀಲಿಯ ಪ್ರತಿ ಅವನ ಇನ್ನೊಬ್ಬ ಸಂಗಾತಿಯ ಬಳಿಯೂ ಇರಬಹುದಲ್ಲ?

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಪ್ರಸಂಗವೂ ಭಾರತದ ನೆಲದಲ್ಲಿಯೇ ಆರಂಭವಾಯಿತು. ಕೆನಡಾದ ಕ್ವಾಡ್ರಿಗಾ ಎಂಬ ವಿನಿಮಯ ಸಂಸ್ಥೆಯ ಸ್ಥಾಪಕ ಜೆರಾಲ್ಡ್ ಕಾಟನ್ 2018ರ ಡಿಸೆಂಬರ್‌ನಲ್ಲಿ ಪ್ರವಾಸಕ್ಕೆಂದು ಬಂದಿದ್ದಾಗ ಜೈಪುರದಲ್ಲಿ ತೀರಿಕೊಂಡ. ಕೀಲಿಗಳು ಅವನೊಬ್ಬನಿಗೇ ಗೊತ್ತಿದ್ದುವು, ಸಾವಿರಾರು ಗ್ರಾಹಕರ ಹಣ ಅವನೊಂದಿಗೇ ಹೋಯಿತು ಎಂದು ಸಂಸ್ಥೆ ಹೇಳಿತು. ಆದರೆ ಕೀಲಿ ಕಳೆದರೂ ವಿಳಾಸ ಬಹಿರಂಗವಷ್ಟೆ! ಲೆಕ್ಕ ಪರಿಶೋಧಕರು ಆ ವಿಳಾಸಗಳನ್ನು ಹುಡುಕಿ ನೋಡಿದಾಗ, ಅವುಗಳಲ್ಲಿ ಬಹುಪಾಲು ಅವನು ಸಾಯುವ ಎಷ್ಟೋ ತಿಂಗಳ ಮೊದಲೇ ಬರಿದಾಗಿದ್ದುವು. ಅಲ್ಲಿ ಕೀಲಿ ಕಳೆದ ಕಥೆ ಹೇಳಿದರು, ಪೆಟ್ಟಿಗೆ ಖಾಲಿ; ಇಲ್ಲಿ ತುಂಬಿದ ಪೆಟ್ಟಿಗೆ ತೋರಿಸಿದರು, ಕೀಲಿ ಇಲ್ಲ.

ಹಾಗಾದರೆ ಒಡೆತನವನ್ನು ಪರೀಕ್ಷಿಸುವುದು ಹೇಗೆ? ಕೀಲಿಯನ್ನು ತೋರಿಸೆಂದು ಕೇಳುವಂತಿಲ್ಲ, ತೋರಿಸಿದರೆ ಹಣ ಹೋದಂತೆಯೇ. ಆದರೆ ಸಹಿ ಕೇಳಬಹುದು. ನೀವು ಆಗಲೇ ಯೋಚಿಸಿ ಕೊಟ್ಟ ಒಂದು ವಾಕ್ಯಕ್ಕೆ ಆ ವಿಳಾಸದ ಖಾಸಗಿ ಕೀಲಿಯಿಂದ ಸಹಿ ಹಾಕುವ ಸೌಲಭ್ಯ ಹಲವು ವಾಲೆಟ್ಟುಗಳಲ್ಲಿ ಇದೆ. ಹಣ ಕದಲುವುದಿಲ್ಲ, ಕೀಲಿ ಹೊರಬೀಳುವುದಿಲ್ಲ, ಸಹಿ ನಿಜವೇ ಎಂದು ಯಾರು ಬೇಕಾದರೂ ತಾಳೆ ನೋಡಬಹುದು. ತಾನೇ ಬಿಟ್‌ಕಾಯಿನ್ನಿನ ಜನಕನೆಂದು ಹೇಳಿಕೊಳ್ಳುತ್ತಿದ್ದ ಆಸ್ಟ್ರೇಲಿಯದ ಕ್ರೇಗ್ ರೈಟ್, ಅಮೆರಿಕದ ನ್ಯಾಯಾಲಯವೊಂದರಲ್ಲಿ ತನ್ನವೆಂದು ವಿಳಾಸಗಳ ದೊಡ್ಡ ಪಟ್ಟಿಯನ್ನು ಕೊಟ್ಟಿದ್ದರು. 2020ರ ಮೇ ತಿಂಗಳಲ್ಲಿ ಆ ಪಟ್ಟಿಯ 145 ವಿಳಾಸಗಳ ಕೀಲಿಗಳಿಂದ ಸಹಿಯಾದ ಒಂದು ಸಂದೇಶ ಪ್ರಕಟವಾಯಿತು. ಈ ಮನುಷ್ಯ ಸುಳ್ಳುಗಾರ, ಈ ಕೀಲಿಗಳು ಅವರಲ್ಲಿಲ್ಲ ಎಂಬುದೇ ಅದರ ಸಾರಾಂಶ. ಸಹಿ ಹಾಕಿದವರು ಯಾರೆಂದು ತಿಳಿಯದಿದ್ದರೂ ಸಹಿ ನಿಜವೆಂದು ಜಗತ್ತೇ ತಾಳೆ ನೋಡಿತು. ರೈಟ್ ಬಿಟ್‌ಕಾಯಿನ್ನಿನ ಜನಕರಲ್ಲವೆಂದು ಇಂಗ್ಲೆಂಡಿನ ಹೈಕೋರ್ಟ್ 2024ರ ಮಾರ್ಚ್‌ನಲ್ಲಿ ತೀರ್ಮಾನಿಸಿತು.

ಈ ಜೋಡಿ ಕೀಲಿಗಳು ಸರ್ಕಾರಿ ನೌಕರರಿಗೆ ಹೊಸವೇನಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೆ ಮಾನ್ಯತೆ ಕೊಟ್ಟದ್ದೇ ಖಾಸಗಿ ಹಾಗೂ ಸಾರ್ವಜನಿಕ ಕೀಲಿಗಳ ಆಧಾರದ ಮೇಲೆ. ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲಿಯೇ ಇಟ್ಟುಕೊಳ್ಳಲು ತಕ್ಕ ಎಚ್ಚರ ವಹಿಸುವುದು ಸಹಿದಾರನ ಕರ್ತವ್ಯವೆಂದು ಅದರ 42ನೆಯ ಕಲಮು ಹೇಳುತ್ತದೆ. ತಪ್ಪೊಪ್ಪಿಗೆಯೊಂದನ್ನು ಇಲ್ಲಿ ಮಾಡಿಬಿಡುವುದು ಒಳ್ಳೆಯದು. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ, ಒಂದು ಕಚೇರಿಯಲ್ಲಿ, ಬೆರಳುದ್ದದ ಆ ಯುಎಸ್‌ಬಿ ಸಾಧನ ನನ್ನ ಜೇಬಿನಲ್ಲಿರುವುದಕ್ಕಿಂತ ಹೆಚ್ಚು ಕಾಲ ವಿಷಯ ನಿರ್ವಾಹಕರ ಮೇಜಿನ ಖಾನೆಯಲ್ಲಿರುತ್ತಿತ್ತು. ಪಿನ್ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಅದಕ್ಕೇ ರಬ್ಬರ್ ಬ್ಯಾಂಡಿನಿಂದ ಕಟ್ಟಿದ್ದರು. ನಾನು ಸಭೆಯಲ್ಲಿರುವಾಗಲೂ ನನ್ನ ಸಹಿ ಬೀಳುತ್ತಿತ್ತು. ಆ ನೌಕರರು ಸಜ್ಜನರಾಗಿದ್ದುದು ನನ್ನ ಪುಣ್ಯ. ದುರುಪಯೋಗವಾಗಿದ್ದರೂ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಿಳಿಸಿ ಅದನ್ನು ರದ್ದು ಮಾಡಿಸಬಹುದಾಗಿತ್ತು. ಬಿಟ್‌ಕಾಯಿನ್ನಿನಲ್ಲಿ ರದ್ದು ಮಾಡುವವರು ಯಾರೂ ಇಲ್ಲ.

ಅದಕ್ಕೂ ಹಿಂದಿನವರು ಹೆಚ್ಚು ಎಚ್ಚರಿಕೆಯವರು. ಖಜಾನೆಯ ಭದ್ರತಾ ಕೊಠಡಿಗೆ ಎರಡು ಬೀಗ, ಎರಡರ ಕೈಗಳೂ ಬೇರೆ ಬೇರೆ ಇಬ್ಬರ ಬಳಿ. ಇಬ್ಬರೂ ಬಂದು ನಿಲ್ಲದೆ ಸ್ಟಾಂಪ್ ಕಾಗದವಾಗಲಿ ಪ್ರಶ್ನೆಪತ್ರಿಕೆಯಾಗಲಿ ಹೊರಬರುವಂತಿರಲಿಲ್ಲ. ಬಿಟ್‌ಕಾಯಿನ್ ಲೋಕವೂ ಇದೇ ಉಪಾಯವನ್ನು ಕಂಡುಕೊಂಡಿದೆ. ಒಂದೇ ವಿಳಾಸಕ್ಕೆ ಹಲವು ಕೀಲಿಗಳನ್ನಿಟ್ಟು, ಇಷ್ಟು ಜನ ಸಹಿ ಹಾಕಿದರೆ ಮಾತ್ರ ಹಣ ಹೊರಡುವಂತೆ ಮಾಡಬಹುದು. ಹಾಗಿದ್ದೂ ಅನಾಹುತವಾಗದೆ ಇಲ್ಲ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಭಾರತೀಯ ವಿನಿಮಯ ಸಂಸ್ಥೆಯಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳುವಾದವು. ಆ ವಾಲೆಟ್ಟಿಗೆ ಆರು ಸಹಿದಾರರಿದ್ದರು, ನಾಲ್ಕು ಸಹಿಗಳು ಬೇಕಿದ್ದುವು. ಪರದೆಯ ಮೇಲೆ ಕಂಡದ್ದು ಒಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ ಎಂಬುದು ಸಂಸ್ಥೆಯ ವಿವರಣೆ. ಓದದೆ ಸಹಿ ಹಾಕುವ ಕಡತಗಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಅಂದು ಕಳೆದುಕೊಂಡದ್ದು ಸಂಸ್ಥೆಯ ಕೀಲಿಗಳ ಹಣವೇ, ಗ್ರಾಹಕರ ಹಣವೇ? ವಿನಿಮಯ ಸಂಸ್ಥೆಗಳ ಆ್ಯಪ್‌ನಲ್ಲಿ ನಮ್ಮ ಹೆಸರಿನ ಮುಂದೆ ಕಾಣುವ ಶಿಲ್ಕು ಆ ಸಂಸ್ಥೆ ನಮಗೆ ಕೊಡಬೇಕಾದ ಬಾಕಿ ಮಾತ್ರ. ವಿಳಾಸವೂ ಕೀಲಿಯೂ ಅವರವು. ಅದೇ ಸಂಸ್ಥೆಯ ಗ್ರಾಹಕರೊಬ್ಬರು ಹೂಡಿದ ಅರ್ಜಿಯಲ್ಲಿ ಮದ್ರಾಸ್ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಕ್ರಿಪ್ಟೊ ನಾಣ್ಯವೂ ಆಸ್ತಿಯೇ ಎಂದು ಹೇಳಿದ್ದು ಸ್ವಾಗತಾರ್ಹ. ಆದರೆ ಆಸ್ತಿ ಎಂದ ಮೇಲೂ ಆದೇಶ ಜಾರಿಯಾಗಬೇಕಾದದ್ದು ಕೀಲಿ ಹಿಡಿದ ಮನುಷ್ಯನ ಮೇಲೆ. ವಿಳಾಸದ ಬಾಗಿಲಿಗೆ ಅಮೀನನನ್ನು ಕಳುಹಿಸಿ ಪ್ರಯೋಜನವಿಲ್ಲ.

ಕೀಲಿಯನ್ನು ತಾವೇ ಇಟ್ಟುಕೊಂಡವರಿಗೆ ಬೇರೆ ತಾಪತ್ರಯ. ಅಷ್ಟುದ್ದದ ಸಂಖ್ಯೆಯನ್ನು ಯಾರೂ ನೆನಪಿಡಲಾರರೆಂದು ಅದನ್ನು 12 ಅಥವಾ 24 ಸಾಮಾನ್ಯ ಪದಗಳ ಸಾಲಾಗಿ ಬರೆದುಕೊಳ್ಳುವ ಪದ್ಧತಿ 2013ರಲ್ಲಿ ಬಂತು. 2048 ಪದಗಳ ಪಟ್ಟಿಯಿಂದ ಅವನ್ನು ಆರಿಸುತ್ತಾರೆ. ಇಂಗ್ಲಿಷ್, ಜಪಾನಿ, ಕೊರಿಯನ್, ಜೆಕ್ ಭಾಷೆಗಳಲ್ಲಿಯೂ ಆ ಪಟ್ಟಿ ಇದೆ. ಕನ್ನಡದಲ್ಲಿ ಇಲ್ಲ, ಭಾರತದ ಯಾವ ಭಾಷೆಯಲ್ಲಿಯೂ ಇಲ್ಲ. ಆ ಚೀಟಿ ಸಿಕ್ಕವನಿಗೆ ಹಣವೆಲ್ಲ ಸಿಕ್ಕಂತೆ. ಮನೆಯವರಿಗೆ ತಿಳಿಸದೆ ಯಜಮಾನರು ತೀರಿಕೊಂಡರೆ ವಿಳಾಸದಲ್ಲಿ ಶಿಲ್ಕು ಕಾಣುತ್ತಲೇ ಇರುತ್ತದೆ. ಉತ್ತರಾಧಿಕಾರ ಪತ್ರ ತಂದರೂ ಬಿಡಿಸಿಕೊಳ್ಳಲಾಗದು.

ನನ್ನ ಮಿತ್ರರಿಗೆ ನಾನು ಒಂದೇ ಕೆಲಸ ಹೇಳಿದೆ. ಗುಂಪಿನವರಿಗೆ ಒಂದು ವಾಕ್ಯ ಬರೆದು ಕಳುಹಿಸಿ, ಅದಕ್ಕೆ ಆ ವಿಳಾಸದ ಕೀಲಿಯಿಂದ ಸಹಿ ಹಾಕಿಕೊಡಲು ಕೇಳಿ. ಸಹಿ ತಾಳೆಯಾಗುವವರೆಗೆ ಬಿಡಿಗಾಸೂ ಕೊಡಬೇಡಿ. ಅವರು ಚರಿತ್ರೆಯ ಮೇಷ್ಟರಲ್ಲವೇ, ಆ ದಿನದ ತಾರೀಖು, ತಮ್ಮ ಹೆಸರು, ‘ಕುಕ್ಕರಹಳ್ಳಿ ಕೆರೆ’ ಎಂಬ ಮಾತು ಸೇರಿಸಿ ಬಹಳ ಮರ್ಯಾದೆಯಿಂದ ಬರೆದರು. ಮೊದಲ ದಿನ, ತಂತ್ರಜ್ಞರು ರಜೆಯಲ್ಲಿದ್ದಾರೆಂಬ ಉತ್ತರ ಬಂತು. ಎರಡನೆಯ ದಿನ, ಹಿರಿಯರಾದ ತಾವು ಹೀಗೆ ಅನುಮಾನಿಸಬಹುದೇ ಎಂಬ ಬೇಸರ. ಮೂರನೆಯ ದಿನ ಅವರನ್ನು ಗುಂಪಿನಿಂದ ತೆಗೆದುಹಾಕಿದ್ದರು. ಅಂದೇ 1930 ಸಹಾಯವಾಣಿಗೆ ಕರೆ ಮಾಡಿಸಿ, ಅವರೊಂದಿಗೆ ನಾನೂ ಹೋಗಿ ಸೈಬರ್ ಠಾಣೆಯಲ್ಲಿ ದೂರು ಬರೆಸಿದೆ. ಹಣ ಕಳುಹಿಸಿ ವಾರಗಳೇ ಕಳೆದಿದ್ದುದರಿಂದ ಬ್ಯಾಂಕ್ ಖಾತೆಗಳಲ್ಲಿ ತಡೆಹಿಡಿಯಲು ಸಿಕ್ಕಿದ್ದು ನಲವತ್ತು ಸಾವಿರ ರೂಪಾಯಿ ಮಾತ್ರ.

ಈಗಲೂ ಅವರು ಕೆರೆಯ ಬಳಿ ಸಿಗುತ್ತಾರೆ. ಕೆಲವೊಮ್ಮೆ ಬೆಂಚಿನ ಮೇಲೆ ಕುಳಿತು ಆ ವಿಳಾಸವನ್ನು ತೆರೆದು ನೋಡುತ್ತಾರೆ. ಮೊನ್ನೆ ನಾನೂ ನೋಡಿದೆ. ಶಿಲ್ಕು ಹಾಗೆಯೇ ಇದೆ. ಎಲ್ಲಿಯೋ ಇರುವ ಅದರ ಒಡೆಯನಿಗೆ, ಮೈಸೂರಿನಲ್ಲಿ ತನ್ನ ವಿಳಾಸವನ್ನು ತೋರಿಸಿ ಯಾರೋ ಒಂಬತ್ತು ಲಕ್ಷ ಪಡೆದರೆಂಬುದು ತಿಳಿದಿರಲಾರದು.